‘ಬಿಲ್ಡ್ ಆಗಲಿಲ್ಲ’ ಎಂಬುದಕ್ಕೆ ಕನ್ನಡದಲ್ಲಿ ಎಷ್ಟು ಮಾತು ಬೇಕು?

ಪ್ರಶ್ನೆ:

ಲ್ಯಾಬಿನ ಕಂಪ್ಯೂಟರುಗಳು ಉಬುಂಟು 22.04ರಿಂದ 24.04ಕ್ಕೆ ಏರಿದ ಮೇಲೆ ಪೈಥಾನಿನ ಸಿ ಎಕ್ಸ್‌ಟೆನ್ಶನ್‌ಗಳು (ಸಿ ಭಾಷೆಯಲ್ಲಿ ಬರೆದು ಪೈಥಾನಿಗೆ ಸೇರಿಸುವ ತುಣುಕುಗಳು) ಕೈಕೊಡುತ್ತಿವೆ. ವಿದ್ಯಾರ್ಥಿಗಳಿಗೆಂದು ಕನ್ನಡದಲ್ಲಿ ಕೈಪಿಡಿ ತಯಾರಾಗುತ್ತಿದೆ. ಅದರ ಕರಡಿನಲ್ಲಿ ಎಲ್ಲ ದೋಷಗಳಿಗೂ ‘ವಿಸ್ತರಣೆಯ ಸಂಕಲನ ವಿಫಲವಾಗಿದೆ’ ಎಂಬ ಒಂದೇ ವಾಕ್ಯವಿದೆ. ಕಂಪೈಲ್, ಲಿಂಕ್, ಸಿಂಬಲ್‌ಗಳಿಗೆ ಸಂಕಲನ, ಕೊಂಡಿ, ಚಿಹ್ನೆ ಈ ಮೂರು ಪದ ಇಲ್ಲಿ ಸರಿಹೋಗುತ್ತವೆಯೇ? ‘ಅನ್‌ಡಿಫೈನ್ಡ್ ಸಿಂಬಲ್’ಗೆ ‘ಅವ್ಯಾಖ್ಯಾನಿತ ಚಿಹ್ನೆ’ ಎಂದು ಬರೆದರೆ ಓದುವವರಿಗೆ ಅರ್ಥವಾದೀತೇ? ‘ರೀಬಿಲ್ಡ್’ ಎನ್ನಲು ‘ಮರುಸ್ಥಾಪನೆ’ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಕರಡಿನ ಮುಖ್ಯ ತೊಂದರೆ ‘ಸಂಕಲನ’ ಎಂಬ ಪದದ್ದಲ್ಲ, ಎಲ್ಲ ದೋಷಕ್ಕೂ ಒಂದೇ ವಾಕ್ಯ ಇಟ್ಟದ್ದು. ಎಕ್ಸ್‌ಟೆನ್ಶನ್ ಕೆಲಸ ಮಾಡದಿರಲು ನಾಲ್ಕು ಬೇರೆ ಬೇರೆ ಹಂತಗಳಿವೆ, ನಾಲ್ಕಕ್ಕೂ ಮದ್ದು ಬೇರೆ. ಆದ್ದರಿಂದ ಕೈಪಿಡಿಯಲ್ಲಿ ನಾಲ್ಕು ಕ್ರಿಯಾಪದ ಬೇಕು: ಕಂಪೈಲ್ ಆಗಲಿಲ್ಲ (ಸಿ ಕೋಡ್ ಯಂತ್ರದ ಭಾಷೆಗೆ ತಿರುಗಲಿಲ್ಲ), ಜೋಡಣೆ ಆಗಲಿಲ್ಲ (ಬೇಕಾದ ಲೈಬ್ರರಿಗಳಿಗೆ ಸೇರಲಿಲ್ಲ), ಲೋಡ್ ಆಗಲಿಲ್ಲ (ಓಡುವಾಗ ಮೆಮೊರಿಗೆ ಬರಲಿಲ್ಲ), ಕಣ್ಣಿಗೆ ಬೀಳಲಿಲ್ಲ (ಪೈಥಾನಿಗೆ ಫೈಲೇ ಕಾಣಲಿಲ್ಲ).

ಕೊನೆಯದರಿಂದ ಶುರುಮಾಡೋಣ, ಏಕೆಂದರೆ ಅಪ್‌ಗ್ರೇಡ್ ಆದ ಮೇಲೆ ಮೊದಲು ಎದುರಾಗುವುದು ಅದೇ. 22.04ರಲ್ಲಿ ಪೈಥಾನ್ 3.10 ಇತ್ತು, 24.04ರಲ್ಲಿ 3.12 ಇದೆ. ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ (ಒಂದು ಕೆಲಸಕ್ಕೆಂದು ಪ್ರತ್ಯೇಕವಾಗಿಟ್ಟ ಪೈಥಾನ್ ಫೋಲ್ಡರ್) ಪ್ಯಾಕೇಜುಗಳು ‘ಲಿಬ್/ಪೈಥಾನ್3.10’ ಫೋಲ್ಡರಿನಲ್ಲಿ ಕೂತಿವೆ. ಒಳಗಿನ ಎಕ್ಸ್‌ಟೆನ್ಶನ್ ಫೈಲುಗಳ ಹೆಸರಿನಲ್ಲೂ ‘ಸಿಪೈಥಾನ್-310’ ಎಂಬ ತುಂಡು ಇರುತ್ತದೆ. 3.12 ಆ ಫೋಲ್ಡರಿನತ್ತ ತಿರುಗಿಯೂ ನೋಡುವುದಿಲ್ಲ, 310 ಎಂದಿರುವ ಫೈಲನ್ನು ಮುಟ್ಟುವುದೂ ಇಲ್ಲ. ಫೈಲು ಡಿಸ್ಕಿನಲ್ಲಿದ್ದರೂ ‘ಮಾಡ್ಯೂಲ್ ನಾಟ್ ಫೌಂಡ್’ ಬರುವುದು ಇದಕ್ಕೇ. ಇಲ್ಲಿ ಯಾವ ಬಿಲ್ಡೂ (ಕಂಪೈಲ್ ಮತ್ತು ಜೋಡಣೆ) ನಡೆದೇ ಇಲ್ಲ, ಹಾಗಾಗಿ ‘ಸಂಕಲನ ವಿಫಲ’ ಎಂದರೆ ತಪ್ಪು ಮಾಹಿತಿ ಕೊಟ್ಟಂತೆ. ಎನ್ವಿರಾನ್‌ಮೆಂಟ್ ಅಳಿಸಿ, 3.12ರಿಂದ ಹೊಸದು ಮಾಡಿ, ರಿಕ್ವೈರ್‌ಮೆಂಟ್ಸ್ ಪಟ್ಟಿಯಿಂದ ಮತ್ತೆ ಹಾಕಿಕೊಳ್ಳಬೇಕು. ಎನ್ವಿರಾನ್‌ಮೆಂಟ್ ಮಾಡಿಕೊಡುವ ವೆನ್ವ್‌ನ ‘ಅಪ್‌ಗ್ರೇಡ್’ ಆಯ್ಕೆ ಪ್ಯಾಕೇಜುಗಳನ್ನು 3.10ರಿಂದ 3.12ಕ್ಕೆ ಸಾಗಿಸುವುದಿಲ್ಲ.

ಇನ್ನು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಕನ್ನಡದಲ್ಲಿ ಇದನ್ನು ‘ಕಡತ ಸಿಗಲಿಲ್ಲ’ ಎನ್ನಬಹುದು. ಅನುವಾದ ಸರಿಯೇ, ಆದರೆ ಈ ಸಾಲು ಎರಡು ದೂರದ ಹಂತಗಳಲ್ಲಿ ಅಕ್ಷರವೂ ಬದಲಾಗದೆ ಬರುತ್ತದೆ. ಅದರ ಮುಂದಿರುವ ಹೆಸರು ‘ಪೈಥಾನ್.ಎಚ್’ ಆಗಿದ್ದರೆ ಅದು ಕಂಪೈಲ್ ಹಂತ. ಕಂಪೈಲರ್ ಓದಬೇಕಾದ ಘೋಷಣೆಗಳಿರುವ ಹೆಡರ್ ಫೈಲಿಲ್ಲ, ‘ಪೈಥಾನ್3-ಡೆವ್’ ಪ್ಯಾಕೇಜ್ ಹಾಕಿದರೆ ಮುಗಿಯಿತು. ‘ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್’ (ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹೆಡರ್) ಆಗಿದ್ದರೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’. ಅದೇ ಹೆಸರು ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಎಂದಿದ್ದರೆ ಅದು ಲೋಡ್ ಹಂತ. 20.04ರ ಕಾಲದಲ್ಲಿ ಓಪನ್‌ಎಸ್‌ಎಸ್‌ಎಲ್ 1.1ಕ್ಕೆ ಜೋಡಿಸಿದ ಎಕ್ಸ್‌ಟೆನ್ಶನ್ ಇನ್ನೂ ಉಳಿದುಕೊಂಡಿದೆ ಎಂದರ್ಥ. 22.04ರಲ್ಲೂ 24.04ರಲ್ಲೂ ಇರುವುದು 3.0. ಎಲ್‌ಡಿಡಿ ಆದೇಶವನ್ನು ಆ ಎಕ್ಸ್‌ಟೆನ್ಶನ್ನಿನ ಎಸ್‌ಒ ಫೈಲಿನ (ಓಡುವಾಗ ಲೋಡ್ ಆಗುವ ಶೇರ್ಡ್ ಆಬ್ಜೆಕ್ಟ್) ಮೇಲೆ ಓಡಿಸಿದರೆ ಯಾವ ಲೈಬ್ರರಿಯ ಮುಂದೆ ‘ನಾಟ್ ಫೌಂಡ್’ ಇದೆಯೆಂದು ಕಾಣುತ್ತದೆ. ಹೊಸ ಲೈಬ್ರರಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಬೆರಳು ತೋರುವ ಹೆಸರು) ಕೊಟ್ಟು ಪಾರಾಗಲು ನೋಡುವವರು ಬಹಳ. ದಯವಿಟ್ಟು ಕೈಪಿಡಿಯಲ್ಲಿ ಅದನ್ನು ಬೇಡವೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ‘ವರ್ಷನ್ ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್’ ಎಂಬ ಇನ್ನೊಂದು ದೋಷ ಬರುವುದಷ್ಟೇ ಅದರ ಫಲ. ಮತ್ತೆ ಕಂಪೈಲ್ ಮಾಡುವುದೇ ದಾರಿ.

ಹೆಡರ್ ಇದ್ದೂ ಕಂಪೈಲ್ ಆಗದ ಪ್ರಸಂಗವೂ ಉಂಟು. ‘ಪೈಲಾಂಗ್‌ಆಬ್ಜೆಕ್ಟ್‌ನಲ್ಲಿ ಓಬಿ_ಡಿಜಿಟ್ ಎಂಬ ಸದಸ್ಯವಿಲ್ಲ’ ಎಂಬ ದೋಷ ಬಂದರೆ ಡೆವ್ ಪ್ಯಾಕೇಜ್ ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ. 3.12ರಲ್ಲಿ ಪೂರ್ಣಾಂಕದ ಒಳರಚನೆ ಬದಲಾಗಿದೆ, ಹಳೆಯ ಸೈಥಾನ್ (ಪೈಥಾನಿನಂಥ ಕೋಡನ್ನು ಸಿಗೆ ತಿರುಗಿಸುವ ಸಾಧನ) ಹೊರಡಿಸಿದ ಸಿ ಕೋಡ್ ಹಳೆಯ ರಚನೆಯನ್ನೇ ನಂಬಿದೆ. ಪ್ಯಾಕೇಜಿನ ಹೊಸ ಆವೃತ್ತಿ ಬೇಕು.

ಈಗ ‘ಕೊಂಡಿ’. ಕನ್ನಡ ಓದುಗರಿಗೆ ಕೊಂಡಿ ಎಂದರೆ ಜಾಲತಾಣದ ವಿಳಾಸ. ‘ಕೊಂಡಿ ವಿಫಲವಾಗಿದೆ’ ಎಂದು ಓದಿದ ಹುಡುಗ ಮೊದಲು ಇಂಟರ್ನೆಟ್ ಇದೆಯೇ ಎಂದು ನೋಡುತ್ತಾನೆ. ‘ಜೋಡಣೆ’ ಎನ್ನಿ. ಈ ಹಂತದ ಗುರುತಿನ ಸಾಲು ‘ಕೆನಾಟ್ ಫೈಂಡ್ ಮೈನಸ್ ಎಲ್‌ಎಸ್‌ಎಸ್‌ಎಲ್’, ಕೊನೆಯಲ್ಲಿ ‘ಎಲ್‌ಡಿ ರಿಟರ್ನ್ಡ್ 1’. ಲೈಬ್ರರಿ ಯಂತ್ರದಲ್ಲಿ ಇದ್ದರೂ ಇದು ಬರುತ್ತದೆ, ವಿದ್ಯಾರ್ಥಿಗಳು ಗಲಿಬಿಲಿಯಾಗುವುದೂ ಇಲ್ಲೇ. ಓಡಿಸಲು ಬೇಕಾದ ಪ್ಯಾಕೇಜ್ ಕೊಡುವುದು ‘.ಎಸ್‌ಒ.3’ ಎಂದು ಕೊನೆಯಾಗುವ ಫೈಲು. ಜೋಡಿಸುವ ಎಲ್‌ಡಿ ಹುಡುಕುವುದು ಅಂಕಿಯಿಲ್ಲದ ‘.ಎಸ್‌ಒ’ ಹೆಸರನ್ನು, ಅದು ಡೆವ್ ಪ್ಯಾಕೇಜಿನಲ್ಲಿ ಮಾತ್ರ ಬರುತ್ತದೆ.

‘ಸಿಂಬಲ್’ಗೆ ‘ಚಿಹ್ನೆ’ ಖಂಡಿತ ಬೇಡ. ಚಿಹ್ನೆ ಎಂದರೆ ನಮ್ಮಲ್ಲಿ ಪ್ರಶ್ನಾರ್ಥಕವೋ ಪಕ್ಷದ ಗುರುತೋ ಆಗುತ್ತದೆ. ಇಲ್ಲಿ ಸಿಂಬಲ್ ಎಂದರೆ ಫಂಕ್ಷನ್ನಿನ ಅಥವಾ ವೇರಿಯೇಬಲ್ಲಿನ ಹೆಸರು. ‘ಅನ್‌ಡಿಫೈನ್ಡ್ ಸಿಂಬಲ್’ ಎಂದರೆ ಆ ಹೆಸರನ್ನು ಕರೆದಿದ್ದಾರೆ, ಆದರೆ ಲೋಡ್ ಆದ ಯಾವ ಲೈಬ್ರರಿಯೂ ಅದನ್ನು ಒದಗಿಸಿಲ್ಲ. ‘ಒದಗದ ಹೆಸರು’ ಎಂಬ ಎರಡೇ ಪದ ಸಾಕು, ಫೈಲಿನೊಳಗಿನ ಹೆಸರುಗಳನ್ನು ಎನ್‌ಎಂ ಆದೇಶ ತೋರಿಸುವ ಪಟ್ಟಿಯಲ್ಲಿ ಹೆಸರಿನ ಹಿಂದಿರುವ ‘ಯು’ ಅಕ್ಷರದ ಅರ್ಥವೂ ಅದೇ.

ಇದಕ್ಕೂ ‘ಅನ್‌ಡಿಫೈನ್ಡ್ ರೆಫರೆನ್ಸ್’ಗೂ ಇರುವ ಭೇದವನ್ನು ಕೈಪಿಡಿಯಲ್ಲಿ ಬಿಡಬೇಡಿ. ‘ರೆಫರೆನ್ಸ್’ ಎನ್ನುವುದು ಜೋಡಿಸುವ ಎಲ್‌ಡಿ. ‘ಸಿಂಬಲ್’ ಎನ್ನುವುದು ಪ್ರೋಗ್ರಾಮ್ ಓಡುವಾಗ ಲೈಬ್ರರಿಗಳನ್ನು ಒಳತರುವ ಲೋಡರ್. ಲಿನಕ್ಸಿನಲ್ಲಿ ಶೇರ್ಡ್ ಆಬ್ಜೆಕ್ಟ್ ಕಟ್ಟುವಾಗ ಒದಗದ ಹೆಸರುಗಳಿದ್ದರೂ ಎಲ್‌ಡಿ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ, ಉಳಿದವು ಓಡುವಾಗ ಸಿಕ್ಕಾವು ಎಂದು ಬಿಟ್ಟುಬಿಡುತ್ತದೆ. ಪೈಥಾನ್ ಎಕ್ಸ್‌ಟೆನ್ಶನ್ ಶೇರ್ಡ್ ಆಬ್ಜೆಕ್ಟೇ ಆದ್ದರಿಂದ, ಒಂದು ಲೈಬ್ರರಿಯನ್ನು ಜೋಡಿಸಲು ಮರೆತರೂ ಬಿಲ್ಡ್ ‘ಸಕ್ಸೆಸ್‌ಫುಲಿ’ ಎಂದೇ ಮುಗಿಯುತ್ತದೆ, ಪೆಟ್ಟು ಬೀಳುವುದು ಇಂಪೋರ್ಟ್ ಮಾಡಿದಾಗ. ತಪ್ಪು ನಡೆದದ್ದು ಜೋಡಣೆಯಲ್ಲಿ, ಬಯಲಾದದ್ದು ಲೋಡಿನಲ್ಲಿ. ಮೊದಲೇ ಹಿಡಿಯಬೇಕಿದ್ದರೆ ಎಲ್‌ಡಿಗೆ ಆಯ್ಕೆಗಳನ್ನು ತಲುಪಿಸುವ ಎಲ್‌ಡಿಫ್ಲ್ಯಾಗ್ಸ್‌ಗೆ ‘-ಡಬ್ಲ್ಯೂಎಲ್,-ಝಡ್,ಡೆಫ್ಸ್’ ಸೇರಿಸಿ ಬಿಲ್ಡ್ ಮಾಡಬಹುದು. ಆಗ ಪೈಥಾನಿನ ಸ್ವಂತ ಹೆಸರುಗಳ ಬಗ್ಗೆಯೂ ದೂರು ಬರುತ್ತದೆ. ‘ಪೈ’ ಎಂದು ಶುರುವಾಗುವ ಅವನ್ನು ಪೈಥಾನೇ ಓಡುವಾಗ ಒದಗಿಸುತ್ತದೆ, ಅವನ್ನು ಬಿಟ್ಟು ಉಳಿದ ಹೆಸರುಗಳನ್ನು ನೋಡಬೇಕು.

‘ಸಂಕಲನ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವನ ಸಂಕಲನ, ಸಿನಿಮಾ ಸಂಕಲನ, ಗಣಿತದ ಸಂಕಲನ ಆಗಲೇ ಇವೆ. ಲ್ಯಾಬಿನಲ್ಲಿ ಎಲ್ಲರೂ ‘ಕಂಪೈಲ್’ ಎನ್ನುತ್ತಾರೆ, ಅದನ್ನೇ ಇಟ್ಟುಕೊಳ್ಳಿ. ‘ವಿಸ್ತರಣೆ’ ಫೈಲ್ ಹೆಸರಿನ ಬಾಲಕ್ಕೂ ಸಲ್ಲುವುದರಿಂದ ಇಲ್ಲಿ ಎಕ್ಸ್‌ಟೆನ್ಶನ್ ಎಂದೇ ಇರಲಿ.

ಕೊನೆಯ ಪ್ರಶ್ನೆ, ‘ಮರುಸ್ಥಾಪನೆ’. ಮತ್ತೆ ಇನ್‌ಸ್ಟಾಲ್ ಮಾಡುವುದೂ ಮತ್ತೆ ಬಿಲ್ಡ್ ಮಾಡುವುದೂ ಒಂದಲ್ಲ. ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್, ತಾನು ಕಟ್ಟಿದ ವೀಲ್ ಫೈಲನ್ನು (ಬಿಲ್ಡ್ ಆಗಿ ಸಿದ್ಧವಾದ ಪ್ಯಾಕೇಜು) ಕ್ಯಾಶೆಯಲ್ಲಿ ಉಳಿಸಿಕೊಳ್ಳುತ್ತದೆ. ಅದರ ಹೆಸರಿನಲ್ಲಿ ಪೈಥಾನ್ ಆವೃತ್ತಿಯೂ ‘ಲಿನಕ್ಸ್_ಎಕ್ಸ್86_64’ ಎಂಬುದೂ ಇರುತ್ತವೆ, ಉಬುಂಟು 20.04ರದೋ 24.04ರದೋ ಎಂಬುದು ಇರುವುದಿಲ್ಲ. ಬೇಕಾದ ಪೈಥಾನ್ ಆವೃತ್ತಿ ಹಾಕಿಕೊಡುವ ಪೈಎನ್ವ್‌ನಂಥದರಿಂದ ಹಾಕಿಕೊಂಡ ಅದೇ ಪೈಥಾನ್ ಆವೃತ್ತಿ ಅಪ್‌ಗ್ರೇಡಿನ ನಂತರವೂ ಮುಂದುವರಿದಿದ್ದರೆ, ‘ಫೋರ್ಸ್-ರೀಇನ್‌ಸ್ಟಾಲ್’ ಹೇಳಿದರೂ ಪಿಪ್ ಹಳೆಯ ಲೈಬ್ರರಿಗೆ ಜೋಡಿಸಿದ ಆ ವೀಲನ್ನೇ ತಂದು ಹಾಕುತ್ತದೆ. ಪಿಪ್ 23.1ರಿಂದ ‘ನೋ-ಬೈನರಿ’ ಕೂಡ ಕ್ಯಾಶೆಯ ವೀಲನ್ನು ತಡೆಯುವುದಿಲ್ಲ, ಜಾಲದಿಂದ ವೀಲ್ ಇಳಿಸುವುದನ್ನಷ್ಟೇ ತಡೆಯುತ್ತದೆ. ಹಾಗಾಗಿ ಕೈಪಿಡಿಯಲ್ಲಿ ಹೀಗೆ ಬರೆಯಿರಿ: ಮೊದಲು ‘ಪಿಪ್ ಕ್ಯಾಶೆ ರಿಮೂವ್’ ಆದೇಶಕ್ಕೆ ಪ್ಯಾಕೇಜಿನ ಹೆಸರು ಕೊಟ್ಟು ಹಳೆಯ ವೀಲನ್ನು ತೆಗೆಯಿರಿ, ಆಮೇಲೆ ‘ಫೋರ್ಸ್-ರೀಇನ್‌ಸ್ಟಾಲ್’ ಮತ್ತು ‘ನೋ-ಬೈನರಿ’ ಎರಡನ್ನೂ ಸೇರಿಸಿ, ‘ಮೈನಸ್ ವಿ’ ಹಾಕಿ ಇನ್‌ಸ್ಟಾಲ್ ಮಾಡಿ. ಪರದೆಯ ಮೇಲೆ ಸಿ ಕಂಪೈಲರ್ ಆದ ಜಿಸಿಸಿಯ ಸಾಲುಗಳು ಓಡಿದರೆ ಮಾತ್ರ ಅದು ಮತ್ತೆ ಬಿಲ್ಡ್ ಆದಂತೆ. ಈ ಹೆಜ್ಜೆಗೆ ‘ಮತ್ತೆ ಕಟ್ಟುವುದು’ ಎನ್ನಬಹುದು, ‘ಮರುಸ್ಥಾಪನೆ’ಯನ್ನು ಬರೀ ರೀಇನ್‌ಸ್ಟಾಲ್‌ಗೆ ಮೀಸಲಿಡಿ.