ಗಟ್ಟಿ ನಾಯಕನೂ ಬೇಕು, ಪ್ರಜಾಪ್ರಭುತ್ವವೂ ಬೇಕು: ಈ ಸಮೀಕ್ಷೆಗಳನ್ನು ಓದೋದು ಹೇಗೆ?

ಹುಣಸೇಕಟ್ಟೆ (ಪ್ರಶ್ನೆ)

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ, ಸಂಸತ್ತು ಮತ್ತು ಕೋರ್ಟುಗಳ ಅಡ್ಡಿಯಿಲ್ಲದೆ ತೀರ್ಮಾನ ಮಾಡುವ ಗಟ್ಟಿ ನಾಯಕನ ಆಡಳಿತ ಒಳ್ಳೆಯದು ಎಂದವರು ಭಾರತದಲ್ಲಿ ಶೇ. 55. ಸೇನೆಯ ಆಡಳಿತಕ್ಕೂ ಶೇ. 53 ಜನ ಸೈ ಎಂದಿದ್ದಾರೆ. ಅದೇ ಸಂಸ್ಥೆ 2019-20ರಲ್ಲಿ ಕೇಳಿದಾಗ ಗಟ್ಟಿ ನಾಯಕ ಶೇ. 48, ಪ್ರಜಾಪ್ರಭುತ್ವ ಶೇ. 46. ಅಂದರೆ ಮೂರು ವರ್ಷದಲ್ಲಿ ಜನರ ಮನಸ್ಸು ಬದಲಾಯಿತು ಅಂತಲೇ? ಇನ್ನೊಂದು ಅನುಮಾನ. 2024ರಲ್ಲಿ ಬಹುತೇಕ ಎಕ್ಸಿಟ್ ಪೋಲ್‌ಗಳು ಎನ್‌ಡಿಎಯನ್ನು 350ರ ಆಚೆ ದಾಟಿಸಿದ್ದವು, ಬಂದದ್ದು 293. ವೋಟು ಯಾರಿಗೆ ಅನ್ನೋದನ್ನೇ ಹಿಡಿಯಲಾರದವರು ಸರ್ಕಾರ, ಸಮಾಜದ ಬಗ್ಗೆ ಜನರ ಅಭಿಪ್ರಾಯ ಹಿಡೀತಾರೆ ಅಂತ ನಂಬೋದು ಹೇಗೆ? ಕಾಲೇಜಿನ ಚರ್ಚೆಗೆ ಟಿಪ್ಪಣಿ ಮಾಡಬೇಕು. ತಿಳಿದವರು ದಯವಿಟ್ಟು ಹೇಳಿ.

ಅಂಕಿಸಂಕಿ

ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲೇಬೇಡಿ, ಕೇಳಿದ ಪ್ರಶ್ನೆಗಳೇ ಬೇರೆ. 2017ರಲ್ಲಿ ಒಂದೊಂದು ಆಡಳಿತ ಪದ್ಧತಿಯನ್ನೂ ಬಿಡಿಬಿಡಿಯಾಗಿ ಹೇಳಿ "ಬಹಳ ಒಳ್ಳೆಯದು, ಸ್ವಲ್ಪ ಮಟ್ಟಿಗೆ ಒಳ್ಳೆಯದು, ಸ್ವಲ್ಪ ಮಟ್ಟಿಗೆ ಕೆಟ್ಟದ್ದು, ಬಹಳ ಕೆಟ್ಟದ್ದು" ಎಂದು ಅಳೆಯಲು ಹೇಳಿದ್ದರು. ಹಾಗೆ ಕೇಳಿದರೆ ಒಬ್ಬರೇ ಎಲ್ಲದಕ್ಕೂ "ಒಳ್ಳೆಯದೇ" ಅನ್ನಬಹುದು, ಬಹಳ ಜನ ಅನ್ನುತ್ತಾರೆ ಕೂಡ. ಆ 55 ಅನ್ನೋದು "ಬಹಳ" ಮತ್ತು "ಸ್ವಲ್ಪ ಮಟ್ಟಿಗೆ" ಎರಡನ್ನೂ ಕೂಡಿಸಿದ ಮೊತ್ತ. 2019-20ರಲ್ಲಿ ಎರಡರಲ್ಲಿ ಒಂದನ್ನೇ ಆರಿಸಬೇಕಿತ್ತು: ದೇಶದ ಸಮಸ್ಯೆ ಬಗೆಹರಿಸಲು ಪ್ರಜಾಪ್ರಭುತ್ವವನ್ನು ನೆಚ್ಚಬೇಕೋ, ಗಟ್ಟಿ ನಾಯಕನನ್ನೋ. ಸಂಸತ್ತು, ಕೋರ್ಟುಗಳ ಮಾತೇ ಆ ಪ್ರಶ್ನೆಯಲ್ಲಿ ಇರಲಿಲ್ಲ. 55ರಿಂದ 48ಕ್ಕೆ "ಇಳಿಯಿತು" ಅಂತ ಯಾರಾದರೂ ಗ್ರಾಫ್ ಎಳೆದರೆ ಅದನ್ನು ಹರಿದುಹಾಕಿ.

ಇದೇ ಎಡವಟ್ಟು ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನ 2024ರ ಚುನಾವಣಾಪೂರ್ವ ಸಮೀಕ್ಷೆಯ ಅಂಕಿಗಳನ್ನು ಓದುವಾಗಲೂ ಆಗಬಹುದು. 19 ರಾಜ್ಯ, 100 ಲೋಕಸಭಾ ಕ್ಷೇತ್ರ, 10,019 ಮತದಾರರು. ಅತಿ ಮುಖ್ಯ ವಿಷಯ ಯಾವುದು ಎಂದಾಗ ನಿರುದ್ಯೋಗ ಎಂದವರು ಶೇ. 27, ಬೆಲೆ ಏರಿಕೆ ಎಂದವರು ಶೇ. 23. "ಕಾಲು ಭಾಗಕ್ಕಷ್ಟೇ ಕೆಲಸದ ಚಿಂತೆ" ಎಂದು ಬರೆದುಬಿಟ್ಟರೆ ತಪ್ಪು. ಅದೇ ಜನರನ್ನು ಕೆಲಸ ಸಿಗುವುದು ಕಷ್ಟವಾಗಿದೆಯೇ ಎಂದು ನೇರವಾಗಿ ಕೇಳಿದಾಗ ಹೌದು ಎಂದವರು ಶೇ. 62. ಮೊದಲನೆಯದಕ್ಕೆ ಒಂದೇ ಉತ್ತರ, ಒಂದನ್ನು ಹಿಡಿದರೆ ಉಳಿದದ್ದನ್ನು ಬಿಡಬೇಕು. ಹಾಗಾಗಿ ಮೊದಲನೆಯದು ಆದ್ಯತೆಯ ಲೆಕ್ಕ, ಎರಡನೆಯದು ಅನುಭವದ ಲೆಕ್ಕ.

ಮೌಲ್ಯಗಳ ವಿಚಾರಕ್ಕೆ ಬಂದರೆ ಇನ್ನೂ ಹುಷಾರಾಗಿರಬೇಕು. ಪ್ಯೂ ಅದೇ 2019-20ರಲ್ಲಿ 29,999 ವಯಸ್ಕರನ್ನು 17 ಭಾಷೆಗಳಲ್ಲಿ ಮುಖಾಮುಖಿ ಕೇಳಿತ್ತು. ನಿಜವಾದ ಭಾರತೀಯರಾಗಲು ಎಲ್ಲ ಧರ್ಮಗಳನ್ನೂ ಗೌರವಿಸುವುದು ಬಹಳ ಮುಖ್ಯ ಎಂದವರು ಶೇ. 84. ಅದೇ ವರದಿಯಲ್ಲಿ, ಮುಸ್ಲಿಮರು ನೆರೆಮನೆಯವರಾಗುವುದನ್ನು ಒಪ್ಪುವುದಿಲ್ಲ ಎಂದ ಹಿಂದೂಗಳು ಶೇ. 36. ಹಿಂದೂ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ಹಿಂದೂಗಳಲ್ಲಿ ಶೇ. 67. ಮುಸ್ಲಿಮರಲ್ಲಿ, ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಹಾಗೆಂದವರು ಶೇ. 80. ಇದರಲ್ಲಿ ಯಾವುದೂ ಸುಳ್ಳಲ್ಲ. ಗೌರವ ಇರಲಿ, ಆದರೆ ಅವರವರು ಅವರವರ ಓಣಿಯಲ್ಲಿರಲಿ ಅನ್ನೋದೇ ಅಲ್ಲಿ ಕಾಣುವ ನಿಲುವು. ತತ್ವದ ಪ್ರಶ್ನೆಯೊಂದನ್ನೇ ಎತ್ತಿಕೊಂಡರೆ ಭಾರಿ ಉದಾರ ದೇಶ, ಮದುವೆಯ ಪ್ರಶ್ನೆಯೊಂದನ್ನೇ ಎತ್ತಿಕೊಂಡರೆ ತದ್ವಿರುದ್ಧ. ಟಿಪ್ಪಣಿಯಲ್ಲಿ ಎರಡನ್ನೂ ಜೊತೆಯಲ್ಲೇ ಇಡಿ.

ಬೂತ್‌ಮಟ್ಟ

ಮೇಲಿನವರು ಪ್ರಶ್ನೆಯ ಬಗ್ಗೆ ಹೇಳಿದ್ದಾರೆ. ಯಾರನ್ನು ಕೇಳಿದರು ಅನ್ನೋದರಲ್ಲೇ ಅರ್ಧ ಹಣೆಬರಹ ಇರುತ್ತೆ.

ಸರಿಯಾದ ಕ್ರಮ ಇದು. ಮೊದಲು ಕ್ಷೇತ್ರ ಆರಿಸುವುದು, ಮತದಾರರು ಹೆಚ್ಚಿದ್ದಷ್ಟೂ ಆ ಕ್ಷೇತ್ರ ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ಆಮೇಲೆ ಕ್ಷೇತ್ರದೊಳಗೆ ಮತಗಟ್ಟೆ, ಆಮೇಲೆ ಮತದಾರರ ಪಟ್ಟಿಯಿಂದ ಹೆಸರು. ಒಂದು ಮತಗಟ್ಟೆಯಲ್ಲಿ 1,080 ಮತದಾರರಿದ್ದು 40 ಹೆಸರು ಬೇಕಾದರೆ ಅಂತರ 27. 1ರಿಂದ 27ರೊಳಗೆ ಚೀಟಿ ಎತ್ತಿದಂತೆ ಒಂದು ಸಂಖ್ಯೆ, 11 ಬಂತು ಅನ್ನಿ. ಆಮೇಲೆ 38, 65, 92, ಹೀಗೆ. ಆ ಕ್ರಮಸಂಖ್ಯೆಯ ಮನುಷ್ಯರನ್ನೇ ಹುಡುಕಿಕೊಂಡು ಮನೆಗೆ ಹೋಗಬೇಕು.

ಕೆಡುವುದು ಇಲ್ಲೇ. ಪಟ್ಟಿಯಲ್ಲಿರುವವರು ಊರು ಬಿಟ್ಟಿರುತ್ತಾರೆ, ತೀರಿಹೋಗಿರುತ್ತಾರೆ, ಬೆಂಗಳೂರಿನ ಅಪಾರ್ಟ್‌ಮೆಂಟಾದರೆ ಸೆಕ್ಯೂರಿಟಿಯವರು ಗೇಟಲ್ಲೇ ತಡೀತಾರೆ. ಸಂಜೆಯೊಳಗೆ ಫಾರಂ ತುಂಬಬೇಕಾದ ಹುಡುಗ ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ಸಿಕ್ಕವರನ್ನು ಕೇಳಿ ಮುಗಿಸುತ್ತಾನೆ. ಆಗ ಗಂಡಸರು ಜಾಸ್ತಿ, ಊರ ನಡುಬೀದಿಯವರು ಜಾಸ್ತಿ, ದಲಿತ ಕೇರಿ ಮತ್ತು ತೋಟದ ಮನೆಗಳವರು ಕಡಿಮೆ. ಕೂಲಿಗೆ ಹೋಗುವವರನ್ನು ಬೆಳಗ್ಗೆ ಎಂಟರೊಳಗೆ ಹಿಡಿಯದಿದ್ದರೆ ಕತ್ತಲಾದ ಮೇಲೇ ಸಿಗೋದು. ಹೆಂಗಸರನ್ನು ಮಾತಾಡಿಸುವಾಗ ಗಂಡನೋ ಮಾವನೋ ಪಕ್ಕದಲ್ಲಿ ನಿಂತು ಉತ್ತರ ಕೊಡೋದು ಮಾಮೂಲು. ಅದಕ್ಕೇ ಮಹಿಳಾ ಸಂದರ್ಶಕರು ಬೇಕು. ವೋಟಿನ ಪ್ರಶ್ನೆಗೆ ನಕಲಿ ಮತಪತ್ರ ಕೊಟ್ಟು, ತಾವೇ ಗುರುತು ಹಾಕಿ ಡಬ್ಬಿಗೆ ಹಾಕಿಸುವುದೂ ಈ ಕಾರಣಕ್ಕೆ.

ಆಮೇಲೆ ತೂಕ ಹಾಕಿ ಸರಿಮಾಡುತ್ತಾರೆ. ಸ್ಯಾಂಪಲ್‌ನಲ್ಲಿ ಹೆಂಗಸರು ಶೇ. 38 ಇದ್ದು, ಪಟ್ಟಿಯಲ್ಲಿ ಶೇ. 49 ಇದ್ದರೆ ಪ್ರತಿ ಹೆಂಗಸಿನ ಉತ್ತರವನ್ನು ಸುಮಾರು 1.29 ಎಂದು, ಗಂಡಸಿನದನ್ನು 0.82 ಎಂದು ಎಣಿಸುವುದು. ಇಷ್ಟಾದರೆ ಪರವಾಗಿಲ್ಲ. ಕೆಲವು ಗುಂಪುಗಳಿಗೆ ತೂಕ 4, 5ಕ್ಕೆ ಹೋಗಿದ್ದರೆ ಬೆರಳೆಣಿಕೆಯ ಜನ ಇಡೀ ಸಮುದಾಯದ ಪರವಾಗಿ ಮಾತಾಡುತ್ತಿದ್ದಾರೆ ಅಂತ ಅರ್ಥ. ತೂಕದಿಂದ ಸಂಖ್ಯೆ ಸರಿಹೋಗುತ್ತೆ, ಮನೆಯೊಳಗೇ ಉಳಿದ ಹೆಂಗಸಿನ ಅಭಿಪ್ರಾಯ ಬರೋದಿಲ್ಲ.

ಹುಣಸೇಕಟ್ಟೆ

ಇಬ್ಬರಿಗೂ ಧನ್ಯವಾದ. ಎಕ್ಸಿಟ್ ಪೋಲ್ ವಿಚಾರ ಉಳಿಯಿತು. "ನಿವ್ವಳ ನಂಬಿಕೆ" ಅಂತ ಕೆಲವು ಕೋಷ್ಟಕಗಳಲ್ಲಿ ಮೈನಸ್ ಅಂಕಿ ಇರುತ್ತಲ್ಲ, ಅದೇನು?

ಗುಣಾಕಾರ

ನಿವ್ವಳ ಅಂದರೆ ನಂಬುವವರಲ್ಲಿ ನಂಬದವರನ್ನು ಕಳೆದದ್ದು. ನೂರರಲ್ಲಿ 40 ಜನ ನಂಬುತ್ತೇವೆ, 42 ಜನ ನಂಬುವುದಿಲ್ಲ ಅಂದರೆ ಮೈನಸ್ 2. ಉಳಿದ 18 ಜನ ಉತ್ತರವನ್ನೇ ಕೊಟ್ಟಿಲ್ಲ, ಅದು ಈ ಅಂಕಿಯಲ್ಲಿ ಕಾಣಿಸುವುದಿಲ್ಲ. ಲೋಕನೀತಿಯ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಸೇನೆ ಎಲ್ಲಕ್ಕಿಂತ ಮೇಲೆ, ಕೋರ್ಟುಗಳು ಅದರ ಕೆಳಗೆ, ರಾಜಕೀಯ ಪಕ್ಷಗಳು ತಳದಲ್ಲಿ. ಜನ ದಿನಾ ಎಡತಾಕುವ ಪೊಲೀಸರು, ಅಧಿಕಾರಿಗಳೂ ತಳದ ಹತ್ತಿರವೇ. ಸೇನೆಯೊಂದಿಗೆ ಹೆಚ್ಚಿನವರಿಗೆ ನೇರ ವ್ಯವಹಾರವೇ ಇಲ್ಲ, ಲಂಚ ಕೊಡುವ ಪ್ರಸಂಗವೂ ಬರುವುದಿಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ.

ಎಕ್ಸಿಟ್ ಪೋಲ್ ಸೋಲುವುದು ಹೆಚ್ಚಾಗಿ ವೋಟನ್ನು ಸೀಟಿಗೆ ಇಳಿಸುವಾಗ. ನಮ್ಮ ರಾಜ್ಯದ್ದೇ ನೋಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ. 38.1 ಮತ, ಬಿಜೆಪಿಗೆ ಶೇ. 36.3. ಸೀಟು ಬಿಜೆಪಿಗೇ ಜಾಸ್ತಿ, 104. 2023ರಲ್ಲಿ ಬಿಜೆಪಿ ಮತ ಶೇ. 36ರಲ್ಲೇ ನಿಂತಿತು, ಸೀಟು 66ಕ್ಕೆ ಇಳಿಯಿತು. ಜೆಡಿಎಸ್ ಕಳೆದುಕೊಂಡದ್ದು ಸುಮಾರು 5 ಅಂಶ, ಕಾಂಗ್ರೆಸ್ ಗಳಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಮತ ಸರಿಯಾಗಿ ಹಿಡಿದವರೂ ಸೀಟಿನಲ್ಲಿ ಮುಗ್ಗರಿಸಬಹುದು. ನಿರುದ್ಯೋಗ, ನಂಬಿಕೆಯಂಥ ಪ್ರಶ್ನೆಗಳಿಗೆ ಈ ಎರಡನೇ ಹೆಜ್ಜೆಯೇ ಇಲ್ಲ.

ಹಾಗಂತ ಅವೂ ಸಲೀಸಲ್ಲ. 2023ರ ಕರ್ನಾಟಕ ಚುನಾವಣೆಗೆ ಮುಂಚೆ ಲೋಕನೀತಿ 2,143 ಜನರನ್ನು ಕೇಳಿದಾಗ ದೊಡ್ಡ ಸಮಸ್ಯೆ ನಿರುದ್ಯೋಗ ಎಂದವರು ಶೇ. 28, ಬಡತನ ಎಂದವರು ಶೇ. 25. "ನಿರುದ್ಯೋಗವೇ ನಂಬರ್ ಒನ್" ಎನ್ನುವ ಮೊದಲು ಲೆಕ್ಕ ಹಾಕಿ. ಇಷ್ಟು ಜನರಲ್ಲಿ ಈ ಎರಡು ಅಂಕಿಗಳ ವ್ಯತ್ಯಾಸಕ್ಕೇ ±3ರಷ್ಟು ಏರುಪೇರು ಇರುತ್ತೆ. ಒಂದೇ ಮತಗಟ್ಟೆಯ ಅಕ್ಕಪಕ್ಕದವರ ಉತ್ತರ ಒಂದೇ ಥರ ಇರುವುದರಿಂದ ಅದನ್ನು ಸುಮಾರು 1.4ರಿಂದ ಗುಣಿಸಿದರೆ ±4 ದಾಟುತ್ತೆ. ಮೂರು ಅಂಶದ ಮುನ್ನಡೆ ಅಲ್ಲಿಗೆ ಕರಗಿತು. ಎರಡೂ ಸಮಸಮ ಅನ್ನಿ, ಸಾಕು. ಇನ್ನು ಅದರಲ್ಲೇ ಕಲ್ಯಾಣ ಕರ್ನಾಟಕ, ಕರಾವಳಿ ಅಂತ ಒಡೆದರೆ ಭಾಗಕ್ಕೆ 350 ಜನ ಸಿಕ್ಕರೂ, ಅದೇ 1.4ರ ಗುಣಾಕಾರ ಸೇರಿಸಿದರೆ ಒಂದೊಂದು ಅಂಕಿಗೇ ಸುಮಾರು ±7. ಪ್ರದೇಶವಾರು ಕೋಷ್ಟಕದಲ್ಲಿ ಎಷ್ಟು ಜನರನ್ನು ಕೇಳಿದರು ಎಂಬ ಕಾಲಂ ಇಲ್ಲದಿದ್ದರೆ ಆ ಕೋಷ್ಟಕವನ್ನು ಟಿಪ್ಪಣಿಗೆ ಸೇರಿಸಬೇಡಿ.