ಪದಚರ್ಚೆ: ಇಬ್ಬರು ಪೋಪ್, ಮತ್ತೆ ಈ ‘ಕಾಪ್ಟ್’ ಅನ್ನೋ ಪದ

ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ಬಿಡಿಸಿ. ‘2017ರ ಏಪ್ರಿಲ್ 28ರಂದು ಕೈರೋದಲ್ಲಿ ಪೋಪ್ ಫ್ರಾನ್ಸಿಸ್ ಅವರು ಪೋಪ್ ಎರಡನೇ ತವಾದ್ರೋಸ್ ಅವರನ್ನು ಭೇಟಿಯಾದರು.’ ಇದನ್ನು ಮನೆಯಲ್ಲಿ ಓದಿಸಿದರೆ, ‘ಪೋಪ್ ಎರಡು ಸಲ ಬಂದಿದೆ, ಒಂದು ಹೊಡೆದುಹಾಕು’ ಅಂದರು. ಹೊಡೆಯೋ ಹಾಗಿಲ್ಲ, ಇಬ್ಬರೂ ನಿಜವಾಗಿ ಪೋಪೇ! ಫ್ರಾನ್ಸಿಸ್ ಆಗ ರೋಮಿನ ಕ್ಯಾಥೊಲಿಕ್ ಸಭೆಯ (ಚರ್ಚಿನ) ಪೋಪ್. ತವಾದ್ರೋಸ್ ಈಜಿಪ್ಟಿನ ಕಾಪ್ಟಿಕ್ ಆರ್ಥೊಡಾಕ್ಸ್ ಸಭೆಯ 118ನೇ ಪೋಪ್. ಮೂವರ ಹೆಸರು ಬರೆದಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನ ಕೈಯಲ್ಲಿ ಚೀಟಿ ಎತ್ತಿಸಿ 2012ರಲ್ಲಿ ಆರಿಸಿದ್ದು ಇವರನ್ನೇ. ಕ್ರಿಸ್ತನ ಸ್ವರೂಪದ ಬಗ್ಗೆ ಬಿಷಪ್ಪರು ಸೇರಿ ಚರ್ಚಿಸಿದ 451ರ ಕಾಲ್ಸಿಡನ್ ಮಹಾಸಭೆಯ ನಂತರ ರೋಮಿನ ದಾರಿ ಬೇರೆ, ಇವರ ದಾರಿ ಬೇರೆ.

ಹಾಗಂತ ಪದವನ್ನು ರೋಮಿನಿಂದ ಸಾಲ ತಂದದ್ದೂ ಅಲ್ಲ. ಗ್ರೀಕಿನ ‘ಪಾಪಾಸ್’ ಅಂದರೆ ಅಪ್ಪ, ತವಾದ್ರೋಸ್ ಅವರ ಪೀಠದ ಊರಾದ ಅಲೆಕ್ಸಾಂಡ್ರಿಯಾದ ಬಿಷಪ್ಪನಿಗೆ 3ನೇ ಶತಮಾನದಲ್ಲೇ ಆ ಹೆಸರಿತ್ತು. ಅರಬ್ಬಿಯಲ್ಲಿ ಪಕಾರ ಇಲ್ಲ, ಹಾಗಾಗಿ ಅಲ್ಲಿ ಇಬ್ಬರೂ ‘ಬಾಬಾ’. ರೋಮಿನವರನ್ನು ‘ವ್ಯಾಟಿಕನ್ನಿನ ಬಾಬಾ’ ಅಂದುಬಿಟ್ಟರೆ ಗೊಂದಲ ಮುಗಿಯಿತು. ನಮ್ಮಲ್ಲಿ ಕೆಲವರು ಪೋಪ್ ಹಿಂದೆ ‘ಜಗದ್ಗುರು’ ಹಾಕುತ್ತಾರೆ. ಕರ್ನಾಟಕದಲ್ಲಿ ಜಗದ್ಗುರುಗಳು ಒಬ್ಬರಿಗಿಂತ ಜಾಸ್ತಿ ಇದ್ದರೆ ಯಾರೂ ಹುಬ್ಬೇರಿಸಲ್ಲ, ಆದರೆ ತವಾದ್ರೋಸ್ ಅವರದು ಅಲೆಕ್ಸಾಂಡ್ರಿಯಾದ ಪೀಠ, ಇಡೀ ಜಗತ್ತಿನದಲ್ಲ. ಶೃಂಗೇರಿ ಸ್ವಾಮಿಗಳು, ಪೇಜಾವರ ಶ್ರೀಗಳು ಅನ್ನೋ ಹಾಗೆ ‘ರೋಮಿನ ಪೋಪ್, ಅಲೆಕ್ಸಾಂಡ್ರಿಯಾದ ಪೋಪ್’ ಎಂದು ಊರು ಹಚ್ಚಿ ಬರೆಯೋದೇ ಸರಿ ಅಂತ ನನಗನ್ನಿಸುತ್ತದೆ.

ನಿಜವಾದ ತಲೆನೋವು ‘ಕಾಪ್ಟ್’. ‘ಕಾಪ್ಟಿಕ್ ಪಂಥದವರು’ ಅಂತ ಬರೆದರೆ ಯಾರೋ ಎಲ್ಲಿಂದಲೋ ವಲಸೆ ಬಂದವರ ಹಾಗೆ ಕೇಳುತ್ತದೆ. ಪದದ ಅರ್ಥ ಪೂರಾ ಉಲ್ಟಾ. ಗ್ರೀಕಿನ ‘ಐಗುಪ್ತೊಸ್’ ಅರಬ್ಬಿಯಲ್ಲಿ ‘ಕಿಬ್ತ್’ ಆಯಿತು, ಅದೇ ಯುರೋಪಿಗೆ ಹೋಗಿ ‘ಕಾಪ್ಟ್’ ಆಯಿತು. ಅಂದರೆ ಸುಮ್ನೆ ‘ಈಜಿಪ್ಟಿನವರು’ ಅಂತ, ಅಷ್ಟೇ. 7ನೇ ಶತಮಾನದಲ್ಲಿ ಅರಬ್ಬರು ಬಂದಾಗ ಅಲ್ಲಿದ್ದ ಸ್ಥಳೀಯರೆಲ್ಲ ಕಿಬ್ತರೇ. ಕಾಲ ಕಳೆದಂತೆ ಬಹುಪಾಲು ಜನ ಮುಸ್ಲಿಮರಾದ ಮೇಲೆ, ಉಳಿದ ಕ್ರೈಸ್ತರಿಗೆ ಮಾತ್ರ ಆ ಹೆಸರು ಅಂಟಿತು. ಫ್ರಾನ್ಸಿಸ್ ಬರುವ 19 ದಿನ ಮೊದಲು, ಈಸ್ಟರಿನ ಹಿಂದಿನ ಗರಿಗಳ ಭಾನುವಾರದಂದು ತಾಂತಾ ಮತ್ತು ಅಲೆಕ್ಸಾಂಡ್ರಿಯಾದ ಚರ್ಚುಗಳಲ್ಲಿ ಬಾಂಬಿಗೆ ಬಲಿಯಾದವರು ಈ ಜನ. ಅವರನ್ನು ಹೊರಗಿನವರಂತೆ ಬರೆಯೋಕೆ ನನಗೆ ಕೈ ಬರುತ್ತಿಲ್ಲ.

ನಮ್ಮ ಕನ್ನಡ ಬೈಬಲಿನ ‘ಐಗುಪ್ತ’ವೂ ಅದೇ ಬೇರಿನದು, ಗಮನಿಸಿದಿರಾ? ಹಾಗಾದರೆ ‘ಐಗುಪ್ತ ಕ್ರೈಸ್ತರು’ ಅನ್ನಬಹುದೇ? ಒಂದು ಅಡ್ಡಿ, ಅಲ್ಲಿ ಗ್ರೀಕ್, ಅರ್ಮೇನಿಯನ್ ಕ್ರೈಸ್ತರೂ ಇದ್ದಾರೆ. ಇನ್ನೊಂದು, ಚರ್ಚಿಗೆ ಹೋಗುವವರ ಕಿವಿಗೆ ಐಗುಪ್ತ ಅಂದ ಕೂಡಲೇ ಫರೋಹ ದೊರೆ, ಇಸ್ರಾಯೇಲರ ಗುಲಾಮಗಿರಿ. ಕಾಪ್ಟರಿಗೋ ಅದು ಮರಿಯಳು ಕೂಸು ಯೇಸುವನ್ನು ಎತ್ತಿಕೊಂಡು ಓಡಿಬಂದಾಗ ಜಾಗ ಕೊಟ್ಟ ನಾಡು.

‘ಕಿಬ್ತರು’ ನನಗೆ ಇಷ್ಟ, ಆದರೆ ಯಾರಿಗೂ ಗೊತ್ತಾಗಲ್ಲ. ‘ಕಾಪ್ಟರು’ ಅಂತ ಬರೆದರೆ ಹೆಲಿಕಾಪ್ಟರು ನೆನಪಾಗುತ್ತದೆ, ಅಲ್ವಾ? ನೀವು ಏನು ಬಳಸುತ್ತೀರಿ?