ನನಗೆ ಬೇಡದ ಯೋಜನೆಗೆ ನನ್ನ ತೆರಿಗೆ ಯಾಕೆ?

ಪ್ರಶ್ನೆ

ಮೇಡಂ, ನಮಸ್ಕಾರ. ನೀವು ಸರ್ಕಾರಿ ಖಜಾನೆಯಲ್ಲಿ ಲೆಕ್ಕ ನೋಡಿದವರು ಅಂತ ಇಲ್ಲಿ ಓದಿದೆ. ಅದಕ್ಕೇ ಕೇಳುತ್ತಿದ್ದೇನೆ. ನಾನು ಸಂಬಳದವನು. ತೆರಿಗೆ ಕೈಗೆ ಬರುವ ಮೊದಲೇ ಕಟ್ ಆಗುತ್ತದೆ. ತೆರಿಗೆ ಕಟ್ಟುವುದಕ್ಕೆ ತಕರಾರಿಲ್ಲ. ಆದರೆ ಆಯುಧ ಖರೀದಿಗೆ ನನ್ನ ದುಡ್ಡು ಹೋಗುವುದು ಮನಸ್ಸಿಗೆ ಒಗ್ಗುವುದಿಲ್ಲ. ನನ್ನ ತಮ್ಮ ಪೂರ್ತಿ ಉಲ್ಟಾ. ಸೈನ್ಯಕ್ಕೆ ಎಷ್ಟು ಬೇಕಾದರೂ ಕೊಡಲಿ, ಸುಮ್ನೆ ಹಂಚುವ ಯೋಜನೆಗಳಿಗೆ ನನ್ನ ಬೆವರಿನ ದುಡ್ಡು ಯಾಕೆ ಅನ್ನುತ್ತಾನೆ. ಊಟಕ್ಕೆ ಕೂತರೆ ಇದೇ ಜಗಳ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ: ಬೇಡದ್ದಕ್ಕೆ ನಮ್ಮ ಪಾಲು ಕೊಡದೆ ಇರುವ ಅವಕಾಶ ಬೇಕು. ಹೀಗೆ ಕೇಳುವುದು ತಪ್ಪಾ?

ಉತ್ತರ

ಕೇಳುವುದು ತಪ್ಪಲ್ಲ. ಮೊದಲು ಒಂದು ಚಲನ್ ಕಥೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬರು ತೆರಿಗೆ ಕಟ್ಟಿದ ಚಲನ್ ನನ್ನ ಮೇಜಿಗೆ ಬಂತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಒಂದು ಷರಾ: "ಈ ಹಣವನ್ನು ಮದ್ದುಗುಂಡಿಗೆ ಬಳಸಕೂಡದು." ಕೆಳಗೆ ಸಹಿ, ತಾರೀಕು. ನನಗೆ ಗಾಬರಿಯಾಯಿತು. ಮೇಲಿನವರ ಹತ್ತಿರ ಹಿಡಿದುಕೊಂಡು ಹೋದೆ. ಅವರು ಎರಡೂ ಬದಿ ನಿಧಾನವಾಗಿ ಓದಿದರು. ಕನ್ನಡಕ ಸರಿಮಾಡಿಕೊಂಡು ಮುಂಬದಿಗೆ ಮೊಹರು ಒತ್ತಿ ವಾಪಸ್ ಕೊಟ್ಟರು. "ಮೊತ್ತ ಸರಿ ಇದೆಯಲ್ಲ? ಹಾಗಾದರೆ ಜಮಾ ಮಾಡಿ."

ಜಮಾ ಮಾಡಿದೆ. ಕಿರ್ದಿಯಲ್ಲಿ ಮೊತ್ತ ಬಂತು, ಲೆಕ್ಕ ಶೀರ್ಷಿಕೆ ಬಂತು. ಷರಾ ಬರೆಯಲು ಕಾಲಂ ಇರಲಿಲ್ಲ. ಸಂಜೆ ಲೆಕ್ಕ ತಾಳೆಯಾಯಿತು. ಚಲನ್ ದಾರದ ಕಟ್ಟಿಗೆ ಸೇರಿತು.

ಆ ಮನುಷ್ಯರನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಅವರಿಗೆ ಅವಮಾನವಾಯಿತೇ ಅಂತಲೂ ಯೋಚಿಸಿದ್ದೇನೆ. ಆದರೆ ಕಾಲಂ ಇಲ್ಲದ್ದು ಯಾರದೋ ಅಹಂಕಾರದಿಂದ ಅಲ್ಲ. ತೆರಿಗೆಯ ದುಡ್ಡು ಹೆಚ್ಚಿನಂಶ ಒಂದೇ ದೊಡ್ಡ ನಿಧಿಗೆ ಬೀಳುತ್ತದೆ. ಬಿದ್ದ ಮೇಲೆ ಅದು ಯಾರ ದುಡ್ಡು ಅಂತ ಗುರುತು ಉಳಿಯುವುದಿಲ್ಲ. ಯಾವ ಬಾಬ್ತಿಗೆ ಎಷ್ಟು ಅನ್ನುವುದು ಶಾಸನಸಭೆಯಲ್ಲಿ ಬೇರೆಯಾಗಿ ತೀರ್ಮಾನವಾಗುತ್ತದೆ. ಕೊಡುವ ಬಾಗಿಲು ಬೇರೆ, ಖರ್ಚಿನ ಬಾಗಿಲು ಬೇರೆ.

ಈಗ ಆ ಕಾಲಂ ಇದೆ ಅಂತಲೇ ಇಟ್ಟುಕೊಳ್ಳಿ. ನೀವು "ಸೈನ್ಯಕ್ಕೆ ಬೇಡ" ಅಂತ ಗುರುತು ಹಾಕುತ್ತೀರಿ. ತಮ್ಮ "ಹಂಚುವ ಯೋಜನೆಗೆ ಬೇಡ" ಅಂತ ಹಾಕುತ್ತಾರೆ. ನಾನು ಗುಮಾಸ್ತೆ. ನಿಮ್ಮ ನೂರನ್ನು ಹಂಚುವ ಯೋಜನೆಗೆ ಬರೆಯುತ್ತೇನೆ, ಅವರ ನೂರನ್ನು ಸೈನ್ಯಕ್ಕೆ ಬರೆಯುತ್ತೇನೆ. ಸಭೆ ಮಂಜೂರು ಮಾಡಿದ ಮೊತ್ತ ಎರಡೂ ಕಡೆ ಹಾಗೇ ಇದೆ. ಒಂದು ಗುಂಡೂ ಕಡಿಮೆಯಾಗಲಿಲ್ಲ, ಒಬ್ಬ ಫಲಾನುಭವಿಯೂ ಕಡಿಮೆಯಾಗಲಿಲ್ಲ. ನಿಮ್ಮಿಬ್ಬರಿಗೂ ನಿದ್ದೆ ಚೆನ್ನಾಗಿ ಬಂತು, ಅಷ್ಟೇ. ನಮ್ಮ ಭಾಷೆಯಲ್ಲಿ ಇದು ಬರೀ ಹೊಂದಾಣಿಕೆ ನಮೂದು.

ಹಾಗಲ್ಲ, ನಿಜವಾಗಿಯೂ ಮೊತ್ತ ಕಡಿಮೆಯಾಗಬೇಕು ಅಂದರೆ? ಆಗ ಪ್ರತಿಯೊಬ್ಬರ ಇಷ್ಟದ ಮೇಲೆ ಬಜೆಟ್ ನಿಲ್ಲುತ್ತದೆ. ಅಂಥಲ್ಲಿ ಮೊದಲು ಸಾಯುವುದು ವಿವಾದದ ಯೋಜನೆಗಳಲ್ಲ. ಅವಕ್ಕೆ ಅಭಿಮಾನಿಗಳೂ ಇರುತ್ತಾರೆ. ಸಾಯುವುದು ಯಾರೂ ಪ್ರೀತಿಸದ ಕೆಲಸಗಳು: ಚರಂಡಿ, ಜನನ ಮರಣ ನೋಂದಣಿ, ಸೇತುವೆ ತಪಾಸಣೆ, ನನ್ನಂಥವರ ಲೆಕ್ಕ ತನಿಖೆ. "ನನ್ನ ತೆರಿಗೆಯನ್ನು ಹಳೆ ದಾಖಲೆ ಕಾಪಾಡಲು ಬಳಸಿ" ಅಂತ ಯಾರು ಗುರುತು ಹಾಕುತ್ತಾರೆ ಹೇಳಿ?

ಮನಸ್ಸಾಕ್ಷಿಯ ಮಾತನ್ನು ಮಾತ್ರ ನಾನು ಹಗುರ ಮಾಡುವುದಿಲ್ಲ. ಅದಕ್ಕೆ ದೊಡ್ಡ ಚರಿತ್ರೆ ಇದೆ. 1755ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ವುಲ್ಮನ್ ಮತ್ತು ಕೆಲವರು, ಯುದ್ಧವನ್ನೇ ಒಪ್ಪದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು, ಯುದ್ಧದ ತೆರಿಗೆ ಕೊಡಲಾರೆವು ಅಂದರು. 1846ರಲ್ಲಿ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿದ್ದರು. ಗುಲಾಮಗಿರಿ ಮತ್ತು ಮೆಕ್ಸಿಕೋ ಯುದ್ಧ ಎರಡಕ್ಕೂ ಅವರ ವಿರೋಧವಿತ್ತು. ಬೇರೆ ಯಾರೋ ದುಡ್ಡು ಕಟ್ಟಿಬಿಟ್ಟರು, ಬೆಳಿಗ್ಗೆ ಹೊರಗೆ. ಲೆಕ್ಕದವಳಾಗಿ ನನಗೆ ಇಷ್ಟವಾದ ವಿವರ ಬೇರೆ. ಅವರು ರಸ್ತೆ ತೆರಿಗೆಯನ್ನು ಮಾತ್ರ ಕಟ್ಟುತ್ತಿದ್ದರು. ತಮ್ಮ ಡಾಲರ್ ಎಲ್ಲಿಗೆ ಹೋಯಿತು ಅಂತ ಬೆನ್ನು ಹತ್ತಿ ಹೋಗುವುದು ತಮಗೆ ಬೇಕಿಲ್ಲ ಅಂತಲೂ ಬರೆದಿದ್ದಾರೆ. ಅವರ ಜಗಳ ಒಂದು ಬಾಬ್ತಿನ ಜೊತೆ ಅಲ್ಲ, ಸರ್ಕಾರದ ಜೊತೆಗೇ. ನಿಮ್ಮದು ಬಾಬ್ತಿನ ಜಗಳ.

ಕೋರ್ಟುಗಳು ಬಾಬ್ತಿನ ಜಗಳವನ್ನು ಹೆಚ್ಚಾಗಿ ಒಪ್ಪಿಲ್ಲ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಲೀ ಅನ್ನುವವರ ಪ್ರಕರಣ ಬಂತು. ಆಮಿಶ್ ಅನ್ನುವ ಸಂಪ್ರದಾಯಸ್ಥ ಕ್ರೈಸ್ತ ಪಂಥದ ರೈತ, ಬಡಗಿ. ವಯಸ್ಸಾದವರನ್ನು ನಮ್ಮವರೇ ನೋಡಿಕೊಳ್ಳಬೇಕು, ಸರ್ಕಾರದ ಪಿಂಚಣಿ ವ್ಯವಸ್ಥೆಗೆ ಸೇರುವುದೇ ನಮ್ಮ ನಂಬಿಕೆಗೆ ವಿರುದ್ಧ ಅನ್ನುವುದು ಅವರ ವಾದ. ತಮ್ಮ ಕೆಲಸಗಾರರ ಪರವಾಗಿ ಆ ತೆರಿಗೆ ಕಟ್ಟಿರಲಿಲ್ಲ. ನಂಬಿಕೆ ಪ್ರಾಮಾಣಿಕ ಅಂತ ಕೋರ್ಟು ಒಪ್ಪಿತು. ಆದರೂ ಕಟ್ಟಲೇಬೇಕು ಅಂದಿತು. ಒಂದು ಪಂಥಕ್ಕೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಆಗ ತೆರಿಗೆ ವ್ಯವಸ್ಥೆಯೇ ನಡೆಯುವುದಿಲ್ಲ ಅನ್ನುವುದು ಕಾರಣ. ನ್ಯಾಯಾಧೀಶರೆಲ್ಲ ಒಮ್ಮತದಿಂದ ಕೊಟ್ಟ ತೀರ್ಪು ಅದು.

ಇನ್ನೊಬ್ಬ ಸದಸ್ಯರು

ಅಂದರೆ ದುಡ್ಡು ಕೊಟ್ಟು ಬಾಯಿ ಮುಚ್ಚಿಕೊಂಡಿರಿ ಅಂತ. ಸರ್ಕಾರಿ ನೌಕರರಿಂದ ಬೇರೆ ಉತ್ತರ ನಿರೀಕ್ಷಿಸಿರಲಿಲ್ಲ ಬಿಡಿ.

ಉತ್ತರ

ಬಾಯಿ ಮುಚ್ಚಿ ಅಂತ ಎಲ್ಲಿ ಹೇಳಿದೆ? ಉತ್ತರ ಅರ್ಧಕ್ಕೇ ನಿಂತಿತ್ತು, ಮೊಮ್ಮಗಳು ಫೋನ್ ಕಿತ್ತುಕೊಂಡಳು.

ಉಳಿದರ್ಧ ಇದು. ಎಲ್ಲಾ ಖರ್ಚೂ ಒಂದೇ ಥರ ಅಲ್ಲ. ಒಬ್ಬರ ದೇವರಿಗೆ ಇನ್ನೊಬ್ಬರಿಂದ ಕಾಣಿಕೆ ಕೀಳುವುದನ್ನು ಅನೇಕ ದೇಶಗಳು ಬೇರೆಯಾಗಿ ನೋಡುತ್ತವೆ. ಅಮೆರಿಕದ ವರ್ಜೀನಿಯಾ ರಾಜ್ಯ 1786ರಲ್ಲೇ ಇದನ್ನು ಕಾನೂನಿನಿಂದ ನಿಲ್ಲಿಸಿತು. ಭಾರತದ ಸಂವಿಧಾನದ 27ನೇ ವಿಧಿಯೂ ಇದನ್ನೇ ಹೇಳುತ್ತದೆ: ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕೆ ಅಂತಲೇ ಎತ್ತಿಟ್ಟ ತೆರಿಗೆಯನ್ನು ಯಾರಿಂದಲೂ ಬಲವಂತವಾಗಿ ಪಡೆಯುವಂತಿಲ್ಲ. ಜರ್ಮನಿಯಲ್ಲಿ ಚರ್ಚ್ ತೆರಿಗೆ ಇದೆ, ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9. ಆದರೆ ಸದಸ್ಯರಿಗೆ ಮಾತ್ರ. ಚರ್ಚ್ ಬಿಟ್ಟೆ ಅಂತ ಕಚೇರಿಯಲ್ಲಿ ಬರೆದುಕೊಟ್ಟರೆ ತೆರಿಗೆಯೂ ನಿಲ್ಲುತ್ತದೆ.

ಕೈಯನ್ನೂ ದುಡ್ಡನ್ನೂ ಕಾನೂನು ಬೇರೆ ಮಾಡುತ್ತದೆ. ಜರ್ಮನಿಯ 1949ರ ಮೂಲ ಕಾನೂನು, ಅಂದರೆ ಅಲ್ಲಿನ ಸಂವಿಧಾನದ ಪ್ರಕಾರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಂದೂಕು ಹಿಡಿ ಅಂತ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ. ನೀವು ಬಂದೂಕು ಹಿಡಿದರೆ ಗುಂಡು ಹಾರಿಸುವುದು ನೀವು. ತೆರಿಗೆ ಕೊಟ್ಟಾಗ ನಿಮಗೂ ಗುಂಡಿಗೂ ನಡುವೆ ಒಂದು ಚುನಾವಣೆ, ಒಂದು ಸಭೆ, ಒಂದು ಮತದಾನ ಇದೆ. ಈ ವ್ಯತ್ಯಾಸ ನನಗೆ ಸರಿ ಅನಿಸುತ್ತದೆ. ನಿಮಗೆ ಅನಿಸದಿದ್ದರೆ ಜಗಳವಿಲ್ಲ. ನನ್ನ ಯಜಮಾನರಿಗೂ ಅನಿಸುವುದಿಲ್ಲ.

ಅಂದಹಾಗೆ, ಆ ನಡುವಿನ ಮತದಾನ ಸುಳ್ಳಾದರೆ ನನ್ನ ವಾದವೂ ಬಿದ್ದುಹೋಗುತ್ತದೆ.

ಮತ್ತೊಬ್ಬ ಸದಸ್ಯರು

ಗಾಂಧೀಜಿ ಉಪ್ಪಿನ ತೆರಿಗೆ ಕೊಡಲ್ಲ ಅಂದಿದ್ದರಲ್ಲ ಮೇಡಂ? ಅದು ಸರಿ, ನಾವು ಮಾಡಿದರೆ ತಪ್ಪಾ?

ಉತ್ತರ

ಈಗ ತಾನೇ ಹೇಳಿದ್ದು ಅದೇ ವಿಷಯ. 1930ರಲ್ಲಿ ಉಪ್ಪಿನ ಮೇಲೆ ತೆರಿಗೆ ಹಾಕಿದ ಸರ್ಕಾರವನ್ನು ಆರಿಸಿದ್ದು ಆ ಉಪ್ಪು ತಿನ್ನುವವರಲ್ಲ. ಖರ್ಚು ಇಷ್ಟವಿಲ್ಲ ಅನ್ನುವುದಕ್ಕಿಂತ, ತೆರಿಗೆ ಹಾಕಲು ನೀವು ಯಾರು ಅನ್ನುವುದು ಅಲ್ಲಿ ಪ್ರಶ್ನೆ. ಆಮೇಲೆ ಅವರು ಕದ್ದು ತಪ್ಪಿಸಲಿಲ್ಲ. ಮೊದಲೇ ವೈಸರಾಯ್‌ಗೆ ಪತ್ರ ಬರೆದು ತಿಳಿಸಿ, ಎಲ್ಲರೆದುರು ಉಪ್ಪು ಎತ್ತಿ, ಮೇ ತಿಂಗಳಲ್ಲಿ ಬಂಧನಕ್ಕೆ ಒಳಗಾದರು.

ಆ ದಾರಿ ಇವತ್ತಿಗೂ ಇದೆ. ಬಹಿರಂಗವಾಗಿ ನಿರಾಕರಿಸಿ ಶಿಕ್ಷೆ ಅನುಭವಿಸುವವರನ್ನು ನಾನು ಗೌರವಿಸುತ್ತೇನೆ. ನನ್ನ ಸಿಟ್ಟು ಇರುವುದು ಬೇರೆಯವರ ಮೇಲೆ. ಆದಾಯ ಮುಚ್ಚಿಟ್ಟು, ಸಿಕ್ಕಿಬಿದ್ದಾಗ "ಸರ್ಕಾರ ದುಡ್ಡು ಪೋಲು ಮಾಡುತ್ತದೆ" ಅಂತ ತತ್ವ ಹೇಳುವವರು. ಅಂಥವರ ಫೈಲುಗಳನ್ನು ಜಾಸ್ತಿಯೇ ನೋಡಿದ್ದೇನೆ. ಒಬ್ಬರದ್ದೂ ಚಲನ್ ಹಿಂದೆ ನೀಲಿ ಶಾಯಿಯ ಷರಾ ಇರಲಿಲ್ಲ.

ಇನ್ನೊಬ್ಬ ಸದಸ್ಯರು

ನನಗೆ ಮಕ್ಕಳಿಲ್ಲ. ಶಾಲೆಗಳಿಗೆ ನಾನು ಯಾಕೆ ಕೊಡಬೇಕು?

ಉತ್ತರ

ಇದು ಬೇರೆ ಪ್ರಶ್ನೆ. ನಿಮಗೆ ಶಾಲೆಯ ಮೇಲೆ ವಿರೋಧವಿಲ್ಲ, ಉಪಯೋಗವಿಲ್ಲ ಅಷ್ಟೇ. ಉಪಯೋಗಿಸಿದಷ್ಟಕ್ಕೆ ಕೊಡುವುದು ಶುಲ್ಕ. ತೆರಿಗೆ ಅದಲ್ಲ.

ಉಪಯೋಗವೇ ಬೇಡ ಅಂತ ಹೊರಗೆ ನಿಲ್ಲುವುದು ಕೆಲವು ಕಡೆ ಮಾತ್ರ ಸಾಧ್ಯ. ಅಮೆರಿಕದಲ್ಲಿ ಸ್ವಂತ ಉದ್ಯೋಗದ ಆಮಿಶರಿಗೆ 1965ರಿಂದ, ಮೇಲೆ ಲೀ ಪ್ರಕರಣದಲ್ಲಿ ಹೇಳಿದ ಪಿಂಚಣಿ ತೆರಿಗೆಯಿಂದ ವಿನಾಯಿತಿ ಇದೆ. ಲೀ ಉದ್ಯೋಗದಾತ, ಅದಕ್ಕೇ ಅವರಿಗೆ ಸಿಗಲಿಲ್ಲ. ಆದರೆ ವಿನಾಯಿತಿಯ ಅರ್ಜಿಯಲ್ಲೇ ಇನ್ನೊಂದು ಮಾತಿಗೂ ಸಹಿ ಹಾಕಬೇಕು: ಮುಂದೆ ಅದರ ಯಾವ ಸೌಲಭ್ಯವನ್ನೂ ಕೇಳುವುದಿಲ್ಲ ಅಂತ. ಪಿಂಚಣಿಯಲ್ಲಿ ಇದು ನಡೆಯುತ್ತದೆ. ಸೋಂಕು ರೋಗ ತಡೆಯುವುದರಲ್ಲಿ, ಗಡಿ ಕಾಯುವುದರಲ್ಲಿ ನಿಮ್ಮೊಬ್ಬರ ಮನೆಯನ್ನು ಬಿಟ್ಟು ಕಾಯುವುದು ಹೇಗೆ?

ಮೊದಲು ಕೇಳಿದವರು

ಮೇಡಂ, ತಮ್ಮನಿಗೂ ಓದಿ ಹೇಳಿದೆ. ಅವನ ಪ್ರಶ್ನೆ: 51 ಜನ ಸೇರಿ 49 ಜನರ ಜೇಬಿಗೆ ಕೈ ಹಾಕುವುದನ್ನು ಮತದಾನ ಅಂತ ಕರೆದರೆ ಸರಿ ಆಗಿಬಿಡುತ್ತಾ?

ಉತ್ತರ

ತಮ್ಮನವರು ಸರಿಯಾದ ಜಾಗಕ್ಕೇ ಬಂದರು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

1896ರಲ್ಲಿ ನುಟ್ ವಿಕ್ಸೆಲ್ ಅನ್ನುವ ಸ್ವೀಡನ್ನಿನ ಅರ್ಥಶಾಸ್ತ್ರಜ್ಞರು ಇದೇ ಚಿಂತೆ ಮಾಡಿದರು. ಪ್ರತಿ ಹೊಸ ಖರ್ಚನ್ನೂ ಅದಕ್ಕೆ ಬೇಕಾದ ತೆರಿಗೆಯ ಜೊತೆಗೇ ಸಭೆಯ ಮುಂದಿಡಿ, ಬರೀ ಬಹುಮತ ಸಾಲದು, ಹೆಚ್ಚುಕಡಿಮೆ ಎಲ್ಲರೂ ಒಪ್ಪಬೇಕು ಅಂದರು. ಕೇಳಲು ತುಂಬಾ ಚೆಂದ. ಆದರೆ ಎಲ್ಲರೂ ಒಪ್ಪಬೇಕು ಅಂದ ಕೂಡಲೇ ಕೊನೆಗೆ ಒಪ್ಪುವವನ ಬೆಲೆ ಏರುತ್ತದೆ. ಆಸ್ತಿ ಪಾಲಿನಲ್ಲಿ ಸಹಿ ಹಾಕದೆ ಕೂರುವ ಒಬ್ಬ ಚಿಕ್ಕಪ್ಪ ಇರುತ್ತಾನಲ್ಲ, ಹಾಗೆ. ಹೊಸದಕ್ಕೆ ತಡೆ ಬೀಳುತ್ತದೆ, ಹಳೆಯ ಅನ್ಯಾಯ ಹಾಗೇ ಕೂತಿರುತ್ತದೆ.

ನೇರವಾಗಿ ಜನರನ್ನೇ ಕೇಳಿದರೂ ನೋವು ತಪ್ಪುವುದಿಲ್ಲ. 2014ರಲ್ಲಿ ಸ್ವಿಟ್ಜರ್ಲೆಂಡ್ ಸರ್ಕಾರ ಗ್ರಿಪೆನ್ ಯುದ್ಧ ವಿಮಾನ ಕೊಳ್ಳಲು ಹೊರಟಿತ್ತು. ಜನಮತ ಗಣನೆಯಲ್ಲಿ ಜನ ಬೇಡ ಅಂದರು, ಖರೀದಿ ನಿಂತಿತು. 2020ರಲ್ಲಿ ಮತ್ತೆ ಯುದ್ಧ ವಿಮಾನದ ಪ್ರಶ್ನೆ ಬಂತು. ಈ ಸಲ ಶೇ 50.1 ಜನ ಹೌದು ಅಂದರು. ಉಳಿದ 49.9ರವರೂ ತೆರಿಗೆ ಕಟ್ಟುತ್ತಿದ್ದಾರೆ. ಆದರೆ 2014ರಲ್ಲಿ ಗೆದ್ದವರು, 2020ರಲ್ಲಿ ಸೋತವರು ಬಹುಪಾಲು ಒಂದೇ ಕಡೆಯವರು ತಾನೇ? ಒಂದು ಸಲ ಗೆದ್ದ ಅನುಭವ ಇರುವವನು ಇನ್ನೊಂದು ಸಲ ಸೋತರೆ ಹೇಗೋ ತಡೆದುಕೊಳ್ಳುತ್ತಾನೆ. ಯಾವಾಗಲೂ ಸೋಲುವ ಗುಂಪಿಗೆ "ಮತದಾನ ಆಯ್ತಲ್ಲ" ಅಂದರೆ ಅದು ಉತ್ತರ ಅಲ್ಲ.

ಅದಕ್ಕೇ ಕೆಲವು ಸಭೆಗಳು ತಾವೇ ಕೈ ಹಿಂದೆ ತೆಗೆಯುತ್ತವೆ. ಗರ್ಭಪಾತದ ವಿಷಯದಲ್ಲಿ ಅಮೆರಿಕ ಎರಡು ಹೋಳಾಗಿದ್ದಾಗ, 1976ರಲ್ಲಿ ಅಲ್ಲಿನ ಸಂಸತ್ತು ಹೈಡ್ ತಿದ್ದುಪಡಿ ತಂದಿತು. ಕೆಲವು ಸಂದರ್ಭ ಬಿಟ್ಟು ಕೇಂದ್ರದ ದುಡ್ಡನ್ನು ಅದಕ್ಕೆ ಬಳಸುವುದಿಲ್ಲ ಅಂತ. ಯಾರಿಗೂ ತೆರಿಗೆ ಕಡಿಮೆಯಾಗಲಿಲ್ಲ, ಖರ್ಚಿನ ಬಾಗಿಲಿಗೆ ಬೀಗ ಬಿತ್ತು. ವಿರೋಧಿಸುವವರ ಮನಸ್ಸಿಗೆ ಸಮಾಧಾನ. ಅದೇ ಹೊತ್ತಿಗೆ, ಸರ್ಕಾರದ ನೆರವನ್ನೇ ನಂಬಿದ್ದ ಬಡ ಹೆಂಗಸು ಸ್ವಂತ ಜೇಬು ನೋಡಿಕೊಳ್ಳಬೇಕಾಯಿತು. ಖರ್ಚು ಮಾಡದೆ ಇರುವುದೂ ಒಬ್ಬರ ಮೇಲೆ ಬೀಳುವ ತೀರ್ಮಾನವೇ.

ಇನ್ನೊಬ್ಬ ಸದಸ್ಯರು

ಇಟಲಿಯಲ್ಲಿ ತೆರಿಗೆ ಯಾರಿಗೆ ಹೋಗಬೇಕು ಅಂತ ಜನರೇ ಆರಿಸುತ್ತಾರಂತೆ?

ಉತ್ತರ

ಪೂರ್ತಿ ಅಲ್ಲ. ಮುಖ್ಯವಾದದ್ದು ಆದಾಯ ತೆರಿಗೆಯಲ್ಲಿ ಸಾವಿರಕ್ಕೆ 8 ಪಾಲು. ಅದು ಸರ್ಕಾರಕ್ಕೋ, ಕ್ಯಾಥೊಲಿಕ್ ಚರ್ಚಿಗೋ, ಪಟ್ಟಿಯಲ್ಲಿರುವ ಬೇರೆ ಪಂಥಕ್ಕೋ ಅಂತ ಸಹಿ ಹಾಕಬಹುದು. ತಮಾಷೆ ಏನಂದರೆ, ಸಹಿ ಹಾಕದವರ ಪಾಲನ್ನೂ ಹಾಕಿದವರ ಆಯ್ಕೆಯ ಪ್ರಮಾಣದಲ್ಲೇ ಹಂಚುತ್ತಾರೆ. ಇಂಥ ಆಯ್ಕೆ ಇನ್ನೂ ಒಂದೆರಡು ಸಣ್ಣ ಪಾಲಿಗೆ ಇದೆ. ಉಳಿದ ಬಹುಪಾಲಿಗೆ ಕಾಲಂ ಇಲ್ಲ.

ಮೊದಲು ಕೇಳಿದವರು

ಕೊನೇ ಪ್ರಶ್ನೆ ಮೇಡಂ. ಹಾಗಾದರೆ ನಾವಿಬ್ಬರೂ ಮಾಡುವುದೇನು?

ಉತ್ತರ

ದುಡ್ಡು ಒಳಗೆ ಹೋಗುವ ಬಾಗಿಲಲ್ಲಿ ನಿಂತು ಜಗಳ ಮಾಡಬೇಡಿ. ಹೊರಗೆ ಹೋಗುವ ಬಾಗಿಲಿಗೆ ಬನ್ನಿ. ಬಜೆಟ್ ಭಾಷಣ ಬಿಡಿ, ಅದರಲ್ಲಿ ಬರೀ ಚಪ್ಪಾಳೆ. ಇಲಾಖೆವಾರು ಅನುದಾನದ ಬೇಡಿಕೆಗಳ ದಪ್ಪ ಪುಸ್ತಕ ಇರುತ್ತದಲ್ಲ, ಅದನ್ನು ತೆಗೆಯಿರಿ. ಕಳೆದ ವರ್ಷ ಎಷ್ಟು ಅಂದಾಜು, ಅದರ ಹಿಂದಿನ ವರ್ಷ ಎಷ್ಟು ನಿಜವಾದ ಖರ್ಚು, ಈ ವರ್ಷ ಎಷ್ಟು ಕೇಳಿದ್ದಾರೆ, ಸಾಲುಸಾಲಾಗಿ ಇರುತ್ತದೆ. ಮತಕ್ಕೆ ಹಾಕುವ ಮೊದಲು ನಿಮ್ಮ ಪ್ರತಿನಿಧಿಗೆ ಬರೆಯಿರಿ. ಸಭೆಯಲ್ಲಿ ಇದಕ್ಕೆ ಆಯುಧವೂ ಇದೆ. ಭಾರತದ ಲೋಕಸಭೆಯಲ್ಲಿ ಒಂದು ಇಲಾಖೆಯ ನೀತಿಯೇ ಒಪ್ಪಿಗೆಯಿಲ್ಲ ಅಂದರೆ ಅದರ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅಂತ ಸದಸ್ಯರು ಸೂಚನೆ ಮಂಡಿಸಬಹುದು. ಸೋಲುವುದೇ ಜಾಸ್ತಿ. ಆದರೆ ಚರ್ಚೆಗೆ ಬಂದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ. ಖರ್ಚಾದ ಮೇಲೆ ಲೆಕ್ಕ ತನಿಖೆಯ ವರದಿ ಬರುತ್ತದೆ, ಅದನ್ನೂ ಓದಿ. ಓದುವವರಿದ್ದಾರೆ ಅಂತ ಗೊತ್ತಾದರೆ ಬರೆಯುವವರ ಕೈಯೂ ಗಟ್ಟಿಯಾಗುತ್ತದೆ.

ಮೊದಲು ಕೇಳಿದವರು (ಆರು ದಿನದ ಮೇಲೆ)

ಆ ಪುಸ್ತಕ ಇಳಿಸಿಕೊಂಡೆವು ಮೇಡಂ. ಎರಡು ರಾತ್ರಿ ಕೂತೆವು. ಸೈನ್ಯ, ಹಂಚುವ ಯೋಜನೆ ಎರಡರಲ್ಲೂ ಜಗಳ ಹಾಗೇ ಇದೆ. ಆದರೆ ಇಬ್ಬರಿಗೂ ಬೇಡದ ಒಂದು ಬಾಬ್ತು ಸಿಕ್ಕಿತು: ಮಂತ್ರಿಗಳ ಫೋಟೋ ಇರುವ ಜಾಹೀರಾತು. ಪತ್ರ ಬರೆಯುತ್ತಿದ್ದೇವೆ. ಅಕ್ಷರ ತಮ್ಮನದು, ನನ್ನದು ಕೋಳಿಕಾಲು.

ಉತ್ತರ

ಒಳ್ಳೆಯದು. ಲೆಕ್ಕ ಶೀರ್ಷಿಕೆಯ ಸಂಖ್ಯೆ, ಪುಟದ ಸಂಖ್ಯೆ ತಪ್ಪದೆ ಹಾಕಿ. ಹಿಂಬದಿಯಲ್ಲಿ ಏನೂ ಬರೆಯಬೇಡಿ.